ಉತ್ತರೆ ಮಳೆಯ ಲೆಕ್ಕ

ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ನಮ್ಮ ಊರಿನಲ್ಲಿ ಚಿಕ್ಕಪ್ಪ ಇಂದಿಗೂ ಮಳೆಯನ್ನೇ ನಂಬಿ ರಾಗಿ ಬೆಳೆಯುತ್ತಾರೆ. ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದಾಗ, ಬರ ಅಳೆಯುವ ಲೆಕ್ಕವನ್ನು ನಾನೇ ಕೂತು ಮಾಡಿ ನೋಡಬೇಕೆನಿಸಿತು.

ವಾಡಿಕೆ ಮಳೆಗಿಂತ ಶೇಕಡಾ ಎಷ್ಟು ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿರುವ ಅಳತೆ. ಹವಾಮಾನ ಇಲಾಖೆಯ ಪ್ರಕಾರ ಶೇ 20ರಿಂದ 59ರಷ್ಟು ಕಡಿಮೆಯಾದರೆ ಕೊರತೆ, 60 ದಾಟಿದರೆ ಭಾರೀ ಕೊರತೆ. ಆದರೆ ಎರಡು ಊರುಗಳ ವಾಡಿಕೆ ಮಳೆ 150 ಮಿ.ಮೀ. ಇದ್ದು, ಒಂದೂರಿನಲ್ಲಿ ವರ್ಷದಿಂದ ವರ್ಷಕ್ಕೆ 80 ಮಿ.ಮೀ.ನಷ್ಟು, ಇನ್ನೊಂದರಲ್ಲಿ 30ರಷ್ಟು ಏರಿಳಿತವಿದೆ ಎನ್ನಿ. ಎರಡೂ ಕಡೆ ಶೇ 40 ಕೊರತೆಯಾದರೆ ಮೊದಲನೆಯದಕ್ಕೆ ಅದು ಮಾಮೂಲು ವರ್ಷ, ಎರಡನೆಯದಕ್ಕೆ ಅಪರೂಪದ ಸಂಕಟ. ಶೇಕಡಾ ಲೆಕ್ಕಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಅದಕ್ಕಾಗಿ ಎಸ್‌ಪಿಐ ಎಂಬ ಪ್ರಮಾಣೀಕೃತ ಮಳೆ ಸೂಚ್ಯಂಕವನ್ನು ಹಿಡಿದೆ. ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ ಮೆಕ್‌ಕೀ ಮತ್ತು ಸಂಗಡಿಗರು 1993ರಲ್ಲಿ ಮುಂದಿಟ್ಟ ವಿಧಾನ ಇದು. ಕನಿಷ್ಠ 30 ವರ್ಷಗಳ ಮಳೆಯನ್ನು ಗ್ಯಾಮಾ ಹಂಚಿಕೆಗೆ (ಸೊನ್ನೆಗಿಂತ ಕೆಳಗಿಳಿಯದ ಸಂಭವನೀಯತೆಯ ರೇಖೆಗೆ) ಹೊಂದಿಸಿ, ಈ ವರ್ಷದಷ್ಟು ಅಥವಾ ಅದಕ್ಕಿಂತ ಕಡಿಮೆ ಮಳೆ ಬೀಳುವ ಸಂಭವನೀಯತೆಯನ್ನು ಕಂಡುಕೊಂಡು, ಅದನ್ನು ಸಾಮಾನ್ಯ ಹಂಚಿಕೆ ಎಂಬ ಗಂಟೆಯಾಕಾರದ ರೇಖೆಯ ಅಂಕೆಗೆ ತಿರುಗಿಸಬೇಕು. ಸೊನ್ನೆ ಎಂದರೆ ನಡುಮಟ್ಟದ ಮಳೆ. −1 ದಾಟಿದರೆ ಸಾಧಾರಣ ಬರ, −1.5ಕ್ಕೆ ತೀವ್ರ, −2ಕ್ಕೆ ಅತಿ ತೀವ್ರ. ನೇರವಾಗಿ ಸಾಮಾನ್ಯ ಹಂಚಿಕೆಯನ್ನೇ ಏಕೆ ಬಳಸಬಾರದು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹಾಗೆ ಮಾಡಿದರೆ ಸೊನ್ನೆಗಿಂತ ಕಡಿಮೆ ಮಳೆ ಬೀಳುವುದಕ್ಕೂ ಒಂದು ಸಂಭವನೀಯತೆ ಬಂದು ಕೂರುತ್ತದೆ!

ನನ್ನ ಮೊದಲ ತಪ್ಪು ದತ್ತಾಂಶದಲ್ಲೇ ಆಯಿತು. ಒಂದು ವರ್ಷದ ಅಕ್ಟೋಬರ್ ಅತಿ ತೀವ್ರ ಬರ ಎಂದು ಲೆಕ್ಕ ತೋರಿಸಿತು. ಚಿಕ್ಕಪ್ಪನಿಗೆ ಹೇಳಿದರೆ, "ಆ ವರ್ಷ ಕಣದಲ್ಲಿ ರಾಗಿ ಹಾಕಲು ಜಾಗವಿರಲಿಲ್ಲವಲ್ಲಪ್ಪ" ಎಂದರು. ಮತ್ತೆ ತೆರೆದು ನೋಡಿದೆ. ತಿಂಗಳ ಮೊದಲ ವಾರದ ನಂತರ ಅಳತೆಯೇ ದಾಖಲಾಗಿರಲಿಲ್ಲ. ಖಾಲಿ ಬಿಟ್ಟ ದಿನಗಳನ್ನೆಲ್ಲ ನಾನು ಮಳೆಯಿಲ್ಲದ ದಿನಗಳೆಂದು ಕೂಡಿದ್ದೆ. ಅಂದಿನಿಂದ ಕೋಷ್ಟಕದ ಖಾಲಿ ಮನೆಗೂ ಸೊನ್ನೆಗೂ ಬೇರೆ ಗುರುತು ಹಾಕದೆ, ಅಕ್ಕಪಕ್ಕದ ಮಳೆಮಾಪಕಗಳ ಜೊತೆ ತಾಳೆ ನೋಡದೆ ಮುಂದಕ್ಕೆ ಹೋಗುವುದಿಲ್ಲ.

ನಿಜವಾದ ಸೊನ್ನೆಗಳದು ಇನ್ನೊಂದು ತೊಡಕು. ಗ್ಯಾಮಾ ಹೊಂದಿಸಲು ಪ್ರತಿ ಅಂಕಿಯ ಲಾಗರಿದಮ್ ಬೇಕು, ಸೊನ್ನೆಗೆ ಅದು ಸಿಗುವುದಿಲ್ಲ. ಹಾಗಾಗಿ ಲೆಕ್ಕದ ತಿಂಗಳಲ್ಲಿ ಮಳೆಯೇ ಬೀಳದ ವರ್ಷಗಳನ್ನು ಬದಿಗಿಟ್ಟು ಹೊಂದಿಸಿ, ಅವುಗಳ ಪಾಲನ್ನು ಆಮೇಲೆ ಸಂಭವನೀಯತೆಗೆ ಸೇರಿಸಬೇಕು. 30ರಲ್ಲಿ 3 ವರ್ಷ ಸೊನ್ನೆಯಿದ್ದರೆ ಆ ಪಾಲು 0.1. ಆಗ ಒಂದು ಹನಿಯೂ ಬೀಳದ ವರ್ಷಕ್ಕೂ ಸೂಚ್ಯಂಕ −1.28ಕ್ಕಿಂತ ಕೆಳಗಿಳಿಯದು. ಬೇಸಿಗೆಯ ಹೊಸ್ತಿಲಲ್ಲಿ 18 ವರ್ಷ ಸೊನ್ನೆಯಿದ್ದರಂತೂ ಒಣ ತಿಂಗಳಿಗೂ ಸೊನ್ನೆಗಿಂತ ಮೇಲಿನ ಅಂಕೆ ಬರುತ್ತದೆ. ನಮ್ಮ ಭಾಗದ ಜನವರಿ, ಫೆಬ್ರುವರಿಗಳಿಗೆ ಒಂದು ತಿಂಗಳ ಎಸ್‌ಪಿಐ ತೆಗೆಯುವುದನ್ನು ನಾನು ಬಿಟ್ಟೇಬಿಟ್ಟೆ.

ಇಷ್ಟೆಲ್ಲ ಸರಿಪಡಿಸಿಕೊಂಡು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಂಕೆಯನ್ನು ಊರಿಗೆ ಒಯ್ದೆ. ಚಿಕ್ಕಪ್ಪ ಕೇಳಿದ್ದು ಒಂದೇ: "ಉತ್ತರೆ ಮಳೆ ಎಷ್ಟು ಬಂತು, ಅದನ್ನು ಹೇಳು."

ನನ್ನ ಬಳಿ ಉತ್ತರವಿರಲಿಲ್ಲ. ಜುಲೈ ಕೊನೆಯಲ್ಲಿ ಬಿತ್ತಿದ ರಾಗಿ ತೆನೆ ಒಡೆಯುವುದು ಉತ್ತರೆ, ಹಸ್ತ ಎಂಬ ಮಳೆ ನಕ್ಷತ್ರಗಳ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಆರಂಭದವರೆಗೆ. ಮಂಡ್ಯದ ಬಯಲಿಗೆ ಸೆಪ್ಟೆಂಬರ್, ಅಕ್ಟೋಬರ್‌ಗಳೇ ದೊಡ್ಡ ಮಳೆಗಾಲ. ಮುಂಗಾರು ಸೆಪ್ಟೆಂಬರ್ 30ಕ್ಕೆ ಮುಗಿಯಿತೆಂದು ಲೆಕ್ಕ ಮುಚ್ಚಿದರೆ ಪೈರಿನ ಅತಿ ಬಾಯಾರಿಕೆಯ ದಿನಗಳನ್ನು ನಡುವೆ ಸೀಳಿದಂತಾಗುತ್ತದೆ. ಮಳೆ ನಕ್ಷತ್ರವೊಂದಕ್ಕೆ ಹದಿಮೂರು, ಹದಿನಾಲ್ಕು ದಿನ. ಪ್ರತಿ ವರ್ಷವೂ ಹೆಚ್ಚುಕಡಿಮೆ ಅದೇ ತಾರೀಕು. ಸಂಖ್ಯಾಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಕಿಟಕಿ ಬೇಕೆ? ದಿನವಹಿ ಮಳೆಯನ್ನು ಮಖೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಎಂದು ವಿಂಗಡಿಸಿ ಪ್ರತಿಯೊಂದಕ್ಕೂ ಬೇರೆ ಬೇರೆ ಹಂಚಿಕೆ ಹೊಂದಿಸಿದೆ. ಹದಿನೈದು ದಿನಗಳ ಕೆಲಸ, ಆದರೆ ಅಷ್ಟು ಮನಸ್ಸಿಟ್ಟು ನಾನು ಬೇರಾವ ಲೆಕ್ಕವನ್ನೂ ಮಾಡಿಲ್ಲ.

ಇಷ್ಟೂ ಸಾಲದು. ಹದಿನಾಲ್ಕು ದಿನಗಳ ಮಳೆಯೆಲ್ಲ ಒಂದೇ ರಾತ್ರಿ ಸುರಿದು ಹಳ್ಳ ಸೇರಿದರೂ ಸೂಚ್ಯಂಕ ಚೆನ್ನಾಗಿಯೇ ಇರುತ್ತದೆ. ಅದಕ್ಕೆಂದು ಪಕ್ಕದಲ್ಲಿ, 2.5 ಮಿ.ಮೀ. ಮುಟ್ಟದ ದಿನಗಳು ಸತತವಾಗಿ ಎಷ್ಟು ಎಂಬ ಎಣಿಕೆಯನ್ನೂ ಇಡುತ್ತೇನೆ. ಹದ ಮಳೆಯೋ ಅಲ್ಲವೋ ಎಂಬುದಕ್ಕೆ ಅದೇ ಹತ್ತಿರದ ಸಾಕ್ಷಿ.

ಕೃಷ್ಣರಾಜಸಾಗರದ ನೀರು ಹರಿಯುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿನ ಗದ್ದೆಯ ಬರ ಹುಟ್ಟುವುದು ಕಾವೇರಿ ಹುಟ್ಟುವ ಕೊಡಗಿನಲ್ಲಿ. ಮಂಡ್ಯದಲ್ಲಿ ಒಳ್ಳೆಯ ಮಳೆಯಾಗಿಯೂ ಕೃಷ್ಣರಾಜಸಾಗರ ತನ್ನ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟದಿದ್ದರೆ ಕಬ್ಬು, ಭತ್ತಕ್ಕೆ ತೊಂದರೆಯೇ. ಆ ಕಡೆಯವರಿಗಾಗಿ ಕೊಡಗಿನ ಮಳೆಯ ಆರು ತಿಂಗಳ ಸೂಚ್ಯಂಕವನ್ನು ಬೇರೆಯಾಗಿ ತೆಗೆಯುತ್ತಿದ್ದೇನೆ. ಕೊಳವೆಬಾವಿಗಳಿಗೆ ಹನ್ನೆರಡು ತಿಂಗಳದು.

ಈಗ ಪ್ರತಿ ನಕ್ಷತ್ರ ಮುಗಿದ ಮರುದಿನ ಚಿಕ್ಕಪ್ಪನಿಗೆ ಫೋನ್ ಮಾಡುತ್ತೇನೆ. ಅಂಕೆ ಹೇಳುವ ಮೊದಲು ಪೈರು ಹೇಗಿದೆ ಎಂದು ಕೇಳಿ, ಅವರು ಆಡಿದ ಮಾತನ್ನು ಅದೇ ಸಾಲಿನ ಕೊನೆಯ ಮನೆಯಲ್ಲಿ ಬರೆದುಕೊಳ್ಳುತ್ತೇನೆ. ಕಳೆದ ಸಲ ಉತ್ತರೆಯ ಮುಂದೆ ಬರೆದದ್ದು, "ಬಾಡಿದೆ, ಆದರೂ ಎದ್ದೀತು."