ಅಡಿಸ್ ಅಬಾಬಾದಲ್ಲಿ ಕಲಿತ ಶಿರೋ: ಮಾಡುವ ಬಗೆ

ಇಥಿಯೋಪಿಯಾದ ಅಡುಗೆಯೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕೋಳಿಯ ದೋರೊ ವತ್. ಆದರೆ ಅಡಿಸ್ ಅಬಾಬಾದಲ್ಲಿ ನಾನು ಬಾಡಿಗೆಗಿದ್ದ ಮನೆಯಲ್ಲಿ ಹೆಚ್ಚು ಸಲ ಒಲೆಯೇರುತ್ತಿದ್ದುದು ಶಿರೋ, ಅಂದರೆ ಹುರಿದ ಕಡಲೆ ಅಥವಾ ಬಟಾಣಿಯ ಹಿಟ್ಟನ್ನು ಈರುಳ್ಳಿ, ಬೆಳ್ಳುಳ್ಳಿ ಮತ್ತು ಬೆರ್ಬೆರೆ ಎಂಬ ಕೆಂಪು ಮಸಾಲೆಯೊಡನೆ ಕುದಿಸಿ ಮಾಡುವ ಗಟ್ಟಿ ವ್ಯಂಜನ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರಗಳಲ್ಲಿಯೂ ಈಸ್ಟರ್‌ಗೆ ಮುಂಚಿನ 55 ದಿನಗಳ ದೊಡ್ಡ ಉಪವಾಸದಲ್ಲಿಯೂ ಮಾಂಸ, ಮೊಟ್ಟೆ, ಹಾಲು, ಬೆಣ್ಣೆಗಳನ್ನು ವರ್ಜಿಸುತ್ತಾರೆ. ಸಸ್ಯಾಹಾರಿಯಾದ ನನ್ನನ್ನು ಮನೆಯೊಡತಿ ತಮ್ಮ ಅಡುಗೆಮನೆಗೆ ಕರೆದುಕೊಂಡದ್ದೂ ಅಂಥದೊಂದು ಬುಧವಾರವೇ.

ಮೊದಲು ಹಿಟ್ಟಿನ ವಿಷಯ. ಮಳೆಗಾಲ ಮುಗಿದು, ಸೆಪ್ಟೆಂಬರ್ ತಿಂಗಳಲ್ಲಿ ಅವರ ಹೊಸವರ್ಷ ಬಂದು, ಬಯಲಿನಲ್ಲೆಲ್ಲ ಹಳದಿ ಹೂಗಳು ಅರಳುವ ಹೊತ್ತಿಗೆ, ಆ ಮನೆಯ ಅಂಗಳದಲ್ಲಿ ಹುರಿದ ಕಾಳುಗಳೂ ಒಣಗಿದ ಬೆಳ್ಳುಳ್ಳಿ, ಶುಂಠಿಗಳೂ ಚಾಪೆಯ ಮೇಲೆ ಬಿಸಿಲು ಕಾಯುತ್ತಿದ್ದವು. ಆಮೇಲೆ ಎಲ್ಲವೂ ಒಟ್ಟಾಗಿ ಗಿರಣಿಗೆ ಹೋಗುತ್ತಿತ್ತು. ಇಥಿಯೋಪಿಯಾದ ದಿನಸಿ ಸಿಗುವ ಊರಿನಲ್ಲಿದ್ದರೆ ಮಸಾಲೆ ಬೆರೆತ ಶಿರೋ ಹಿಟ್ಟನ್ನೇ ಕೊಳ್ಳಬಹುದು. ಸಿಗದಿದ್ದರೆ ಕಡಲೆಬೇಳೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಆರಿಸಿ, ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಬೇಕು. ಹಸಿ ಕಡಲೆಹಿಟ್ಟು ಇದಕ್ಕೆ ಸಲ್ಲದು. ಎಷ್ಟು ಕುದಿಸಿದರೂ ಅದರಲ್ಲಿ ಆ ಹುರಿದ ಪರಿಮಳ ಹುಟ್ಟುವುದಿಲ್ಲ.

ನಾಲ್ವರಿಗೆ 1 ಲೋಟ ಹಿಟ್ಟು, 3ರಿಂದ 4 ಲೋಟ ನೀರು, 2 ದೊಡ್ಡ ಈರುಳ್ಳಿ, ಕಾಲು ಲೋಟ ಎಣ್ಣೆ, 6 ಎಸಳು ಬೆಳ್ಳುಳ್ಳಿ, ಒಂದು ಟೊಮೆಟೊ ಮತ್ತು ಉಪ್ಪು ಸಾಕು. ಹಿಟ್ಟಿನಲ್ಲಿ ಮಸಾಲೆ ಇಲ್ಲದಿದ್ದರೆ 2 ಚಮಚ ಬೆರ್ಬೆರೆ ಬೇಕು. ಒಣಮೆಣಸಿನಕಾಯಿ, ಮೆಂತ್ಯ, ಬೆಳ್ಳುಳ್ಳಿ, ಶುಂಠಿ, ಓಮ, ಲವಂಗ ಮತ್ತು ಕೊರರಿಮಾ ಎಂಬ ಅಲ್ಲಿನ ದೊಡ್ಡ ಏಲಕ್ಕಿ ಅದರ ಮುಖ್ಯ ಅಂಶಗಳು. ಕೊರರಿಮಾ ಇಲ್ಲದಿದ್ದರೆ ಸಾಮಾನ್ಯ ಏಲಕ್ಕಿಯನ್ನು ಸ್ವಲ್ಪವೇ ಬಳಸಿ.

ಇಡೀ ಅಡುಗೆಯ ರುಚಿ ನಿಂತಿರುವುದು ಈರುಳ್ಳಿಯ ಮೇಲೆ. ಅದನ್ನು ಆದಷ್ಟು ಸಣ್ಣಗೆ ಕೊಚ್ಚಿ, ತಳ ದಪ್ಪವಿರುವ ಪಾತ್ರೆಯಲ್ಲಿ, ಎಣ್ಣೆಯನ್ನು ಸ್ವಲ್ಪವೂ ಹಾಕದೆ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಬೇಕು. ಈರುಳ್ಳಿ ಮೊದಲು ನೀರು ಬಿಡುತ್ತದೆ, ಬಳಿಕ ಆ ನೀರು ಇಂಗಿ ತಳ ಹಿಡಿಯತೊಡಗುತ್ತದೆ. ಆಗ ಒಂದು ಚಮಚ ನೀರು ಚಿಮುಕಿಸಿ ಮತ್ತೆ ಮುಂದುವರಿಸಬೇಕು. 15ರಿಂದ 20 ನಿಮಿಷಗಳಲ್ಲಿ ಅದು ಕರಗಿ ಹೊಂಬಣ್ಣದ ಮುದ್ದೆಯಾಗುತ್ತದೆ. ಎಣ್ಣೆಯನ್ನು ಮೊದಲೇ ಹಾಕಿದರೆ ಈರುಳ್ಳಿಯ ಚೂರುಗಳು ಹುರಿದು ಬೇರೆ ಬೇರೆಯಾಗಿಯೇ ಉಳಿಯುತ್ತವೆ, ವ್ಯಂಜನಕ್ಕೆ ಮೈ ಬರುವುದಿಲ್ಲ. ಮನೆಯೊಡತಿ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದುದು ಈ ಹೊತ್ತಿನಲ್ಲಿಯೇ, ಸೌಟನ್ನು ಮಾತ್ರ ಒಮ್ಮೆಯೂ ನಿಲ್ಲಿಸದೆ. ಇಂದಿಗೂ ಎಣ್ಣೆಯಿಲ್ಲದೆ ಬೇಯುವ ಈರುಳ್ಳಿಯ ವಾಸನೆ ಬಂದರೆ ನನಗೆ ಅವರ ದನಿ ಕೇಳಿಸುತ್ತದೆ.

ಈಗ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಬೆರ್ಬೆರೆಗಳನ್ನು ಹಾಕಿ, ಮಸಾಲೆ ಸೀಯದಂತೆ ಆಗಾಗ ನೀರು ಚಿಮುಕಿಸುತ್ತ ಐದು ನಿಮಿಷ ಬಾಡಿಸಿ. ಟೊಮೆಟೊ ಸೇರಿಸಿ, ಅದು ಕರಗಿದ ಮೇಲೆ ನೀರು ಹಾಕಿ ಕುದಿಸಿ. ಉರಿ ತಗ್ಗಿಸಿ, ಒಂದು ಕೈಯಿಂದ ಹಿಟ್ಟನ್ನು ಉದುರಿಸುತ್ತ ಇನ್ನೊಂದು ಕೈಯಿಂದ ಬಿಡದೆ ಕಡೆದರೆ ಗಂಟಾಗದು. ಆರಂಭದಲ್ಲಿ ತೆಳುವಾಗಿ ಕಂಡರೂ ಹಿಟ್ಟು ಹೆಚ್ಚಿಸಬೇಡಿ; ಕುದಿಯುತ್ತ ತಾನೇ ಗಟ್ಟಿಯಾಗುತ್ತದೆ. ಅಡಿಸ್ ಅಬಾಬಾ ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದಲ್ಲಿರುವುದರಿಂದ ನೀರು ಅಲ್ಲಿ ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ಬೇಯುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ತಗ್ಗಿನ ಊರುಗಳಲ್ಲಿ 20 ನಿಮಿಷ ಸಾಕು. ಎಣ್ಣೆ ಅಂಚಿನಲ್ಲಿ ತೇಲಿದಾಗ ಉಪ್ಪು ಹಾಕಿ ಇಳಿಸಿ. ಉಪವಾಸವಲ್ಲದ ದಿನಗಳಲ್ಲಿ ಕೊನೆಗೆ ಒಂದು ಚಮಚ ನಿಟರ್ ಕಿಬೆ, ಅಂದರೆ ಮಸಾಲೆ ಹಾಕಿ ಕಾಯಿಸಿದ ತುಪ್ಪ, ಸೇರುತ್ತದೆ. ಎಣ್ಣೆಯ ಶಿರೋವೇ ಹೆಚ್ಚು ಶುದ್ಧ ರುಚಿಯದು ಎಂಬುದು ನನ್ನ ಅಭಿಪ್ರಾಯ.

ಬಡಿಸಬೇಕಾದದ್ದು ಇಂಜೆರಾದ ಮೇಲೆ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ದೋಸೆಯಂತೆ ಹುಯ್ದು, ಮಗುಚದೆ ಒಂದೇ ಮಗ್ಗುಲು ಬೇಯಿಸುವ ಅಗಲವಾದ ರೊಟ್ಟಿ ಅದು. ಒಂದೇ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕುಳಿತು ಬಲಗೈಯಿಂದ ಹರಿದು ತಿನ್ನುತ್ತಾರೆ, ಮತ್ತು ಪ್ರೀತಿಯಿದ್ದವರ ಬಾಯಿಗೆ ತುತ್ತು ಇಡುವ ಗುರ್ಷಾ ಎಂಬ ರೂಢಿಯೂ ಉಂಟು. ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದು ಎಂಬ ಲೆಕ್ಕವಿರುವುದರಿಂದ, ಅತಿಥಿಯಾದವರು ಬಾಯನ್ನು ಅಗಲವಾಗಿಯೇ ತೆರೆಯಬೇಕಾಗುತ್ತದೆ.

ಉಳಿದ ಶಿರೋ ತಣ್ಣಗಾದರೆ ಕಲ್ಲಿನಂತಾಗುತ್ತದೆ. ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಕಡೆದರೆ ಮತ್ತೆ ಹದಕ್ಕೆ ಬರುತ್ತದೆ. ಅದಕ್ಕೆ ಹಿಂದಿನ ದಿನದ ಇಂಜೆರಾವನ್ನು ಚೂರು ಮಾಡಿ ಬೆರೆಸಿದರೆ ಬೆಳಗಿನ ತಿಂಡಿಗೆ ಶಿರೋ ಫಿರ್‌ಫಿರ್ ಸಿದ್ಧ.