ಮೊದಲು ಗೇಟಿಗೆ ಹೋಗಿ, ಆಮೇಲೆ ಎಂಜಿನ್ ಕೊಳ್ಳಿ

ಬೆಳಗಾವಿಯ ಟಿಳಕವಾಡಿಯಲ್ಲಿ ವಿಳಾಸ ಹೇಳಲು ರೈಲ್ವೆ ಗೇಟ್ ಸಾಕು. ಒಂದನೇ ಗೇಟ್, ಎರಡನೇ ಗೇಟ್, ಮೂರನೇ ಗೇಟ್. ಗೇಟ್ ಬಿತ್ತೆಂದರೆ ದೊಡ್ಡವರು ಗೊಣಗುತ್ತಿದ್ದರು. ನಾನು ಸೈಕಲ್ ಹ್ಯಾಂಡಲ್ ಮೇಲೆ ಗದ್ದ ಊರಿ ಕಾಯುತ್ತಿದ್ದೆ. ಕಪ್ಪು ಹೊಗೆ ಉಗುಳುತ್ತ ಆಲ್ಕೋ ಡೀಸೆಲ್ ಎಂಜಿನ್ ಬರುತ್ತಿತ್ತು. ಈಗ ಹಳಿಯ ಮೇಲೆ ಕರೆಂಟ್ ತಂತಿ ಬಂದಿದೆ, ಡೀಸೆಲ್ ಎಂಜಿನ್ ಕಡಿಮೆಯಾಗಿದೆ. ಅದರ ಪುಟ್ಟ ಮಾಡೆಲ್ ಎಲ್ಲಿ ಸಿಗುತ್ತದೆ ಎಂದು ಕೇಳುವವರು ಮಾತ್ರ ಜಾಸ್ತಿಯಾಗಿದ್ದಾರೆ. ಅಂಗಡಿಯ ಮಾತು ಆಮೇಲೆ. ಮೊದಲು ಅಸಲಿ ಎಂಜಿನ್ ಓದಲು ಕಲಿಯಿರಿ.

ಎಂಜಿನ್ ಮೇಲೆ ಬರೆದ ಹೆಸರಿನಿಂದಲೇ ಶುರು ಮಾಡಿ, ಉದಾಹರಣೆಗೆ ಡಬ್ಲ್ಯುಡಿಎಂ-3ಎ. ಡಬ್ಲ್ಯು ಅಂದರೆ ಬ್ರಾಡ್‌ಗೇಜ್, ವೈ ಅಂದರೆ ಮೀಟರ್‌ಗೇಜ್. ಡಿ ಅಂದರೆ ಡೀಸೆಲ್. ಮುಂದಿನ ಅಕ್ಷರ ಕೆಲಸ ಹೇಳುತ್ತದೆ: ಪಿ ಪ್ಯಾಸೆಂಜರ್‌ಗೆ, ಜಿ ಗೂಡ್ಸ್‌ಗೆ, ಎಂ ಎರಡಕ್ಕೂ. ಆಮೇಲಿನ ಅಂಕಿ ಎಷ್ಟು ಸಾವಿರ ಅಶ್ವಶಕ್ತಿ ಎಂದು ಹೇಳುತ್ತದೆ: ಡಬ್ಲ್ಯುಡಿಎಂ-3ಎ ಎಂದರೆ 3100 ಅಶ್ವಶಕ್ತಿ, 3ಡಿ ಎಂದರೆ 3300. ಆದರೆ ಡಬ್ಲ್ಯುಡಿಎಂ-2ಕ್ಕೆ ಈ ಲೆಕ್ಕ ಹಚ್ಚಬೇಡಿ. ಅಲ್ಲಿ 2 ಎಂದರೆ ಸುಮ್ನೆ ಎರಡನೇ ಮಾದರಿ, ಅಷ್ಟೇ. ಅದರ ಶಕ್ತಿ 2600. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ ಅದು. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲೇ ತಯಾರಾಯಿತು.

ಆಮೇಲೆ ಮೈಕಟ್ಟು ನೋಡಿ. ಡಬ್ಲ್ಯುಡಿಎಂ-2ರಲ್ಲಿ ಕ್ಯಾಬಿನ್ ಒಂದು ತುದಿಗೆ ಹತ್ತಿರ ಇರುತ್ತದೆ. ಅದರ ಒಂದು ಕಡೆ ಗಿಡ್ಡ ಮೂಗು, ಇನ್ನೊಂದು ಕಡೆ ಉದ್ದನೆಯ ಮೂಗು. ಕೆಳಗೆ ಆರು ಜೋಡಿ ಚಕ್ರ, ಮೂರು ಮೂರರಂತೆ. ಇಲ್ಲೊಂದು ಗುಟ್ಟಿದೆ: ಆಲ್ಕೋ ಬೋಗಿಯಲ್ಲಿ (ಡಬ್ಬಿಯಲ್ಲ, ಚಕ್ರಗಳನ್ನು ಹಿಡಿದಿರುವ ಚೌಕಟ್ಟು) ಆ ಮೂರು ಜೋಡಿಗಳ ನಡುವಿನ ಅಂತರ ಸಮ ಇರುವುದಿಲ್ಲ. ಮಾಡೆಲ್‌ನಲ್ಲಿ ಸಮ ಇದ್ದರೆ, ತಯಾರಿಸಿದವರು ಬೇರೆ ಯಾವುದೋ ಎಂಜಿನ್ನಿನ ಕಾಲಿಗೆ ನಮ್ಮ ಎಂಜಿನ್ನಿನ ಅಂಗಿ ತೊಡಿಸಿದ್ದಾರೆ ಎಂದು ತಿಳಿಯಿರಿ.

ಹುಬ್ಬಳ್ಳಿಯ ಎಂಜಿನ್ ಶೆಡ್ಡಿನ ಡಬ್ಲ್ಯುಡಿಜಿ-4 ಬೇರೆಯೇ ಜಾತಿ. ಇಎಂಡಿ ಕಂಪನಿಯ ವಿನ್ಯಾಸ, 4000 ಅಶ್ವಶಕ್ತಿ, ಉದ್ದ ಸುಮಾರು 21 ಮೀಟರ್. ಆಲ್ಕೋ ಗುಡುಗುಡು ಎಂದರೆ ಇದು ಗುಂಯ್ ಎನ್ನುತ್ತದೆ. ಮೈಮೇಲೆ ಶೆಡ್ಡಿನ ಗುರುತು ಯುಬಿಎಲ್ ಎಂದಿರುತ್ತದೆ. ಮಾಡೆಲ್ ಮೇಲಿನ ನಂಬರ್, ಶೆಡ್ಡಿನ ಗುರುತು, ಬಣ್ಣ ಮೂರೂ ಒಂದಕ್ಕೊಂದು ಕೂಡಬೇಕು. ಇವನ್ನೆಲ್ಲ ಪ್ಲಾಟ್‌ಫಾರ್ಮ್ ಮೇಲೆ ನಿಂತೇ ನೋಡಿ. ಹಳಿಗೆ ಇಳಿದರೆ ಕೇಸು ಬೀಳುತ್ತದೆ.

ಈಗ ಸ್ಕೇಲ್ ಹಿಡಿಯಿರಿ. ಸಂಗ್ರಹಕಾರರು ಹೆಚ್ಚು ಕೊಳ್ಳುವುದು ಎಚ್‌ಒ ಸ್ಕೇಲ್, ಅಂದರೆ 1:87, ಅಸಲಿಯ 87ರಲ್ಲಿ ಒಂದು ಪಾಲು. ಡಬ್ಲ್ಯುಡಿಎಂ-2ರ ಉದ್ದ 17,120 ಮಿ.ಮೀ. 87ರಿಂದ ಭಾಗಿಸಿದರೆ ಸುಮಾರು 197 ಮಿ.ಮೀ. ನಾನು ಮೊದಲು ಆನ್‌ಲೈನ್‌ನಲ್ಲಿ ತರಿಸಿದ ಮಾಡೆಲ್‌ನ ಡಬ್ಬಿಯ ಮೇಲೆ 1:87 ಎಂದೇ ಇತ್ತು. ಅಳೆದರೆ 150 ಮಿ.ಮೀ! ಅದು 1:114 ಆಗುತ್ತದೆ. ಅಂಥದ್ದೊಂದು ಸ್ಕೇಲೇ ಇಲ್ಲ. ಮಾರಿದವರು ಫೋನ್ ಎತ್ತಲಿಲ್ಲ. ಅಂದಿನಿಂದ ಮಾರುವವರಿಗೆ ಮೊದಲು ಉದ್ದ ಕೇಳುತ್ತೇನೆ, ಆಮೇಲೆ ಬೆಲೆ.

ಹಳಿಯ ವಿಷಯದಲ್ಲಿ ಮಾತ್ರ ಸ್ವಲ್ಪ ರಾಜಿ ಮಾಡಿಕೊಳ್ಳಬೇಕು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಲೆಕ್ಕದ ಪ್ರಕಾರ ಎಚ್‌ಒದಲ್ಲಿ ಅದು 19 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಆಗಬೇಕು. ಅಂಗಡಿಯ ಎಚ್‌ಒ ಹಳಿ 16.5 ಮಿ.ಮೀ. ಏಕೆಂದರೆ ಅದು ಯುರೋಪ್, ಅಮೆರಿಕದ 1435 ಮಿ.ಮೀ. ಗೇಜಿನ ಲೆಕ್ಕ. ಹಾಗಾಗಿ ನಮ್ಮ ಎಂಜಿನ್ನುಗಳ ಮಾಡೆಲ್ ಎದುರಿನಿಂದ ನೋಡಿದರೆ ಕಾಲು ಕೂಡಿಸಿ ನಿಂತ ಹಾಗೆ ಕಾಣುತ್ತದೆ. ನನಗೆ ಇದು ತಪ್ಪು ಅನಿಸುವುದಿಲ್ಲ, ಓಡಬೇಕಲ್ವಾ? ವಿಜಯಪುರ–ಬಾಗಲಕೋಟೆ ಕಡೆಯವರು 2000ದ ದಶಕದವರೆಗೂ ಕಂಡ ಮೀಟರ್‌ಗೇಜ್ ವೈಡಿಎಂ-4 ಬೇಕೆಂದರೆ 12 ಮಿ.ಮೀ. ಹಳಿ ಹುಡುಕಬೇಕು. ಅದು ಸಿಗುವುದು ಕಷ್ಟ.

ಓಡಿಸುವ ಆಸೆಯಿದ್ದರೆ ತಿರುವು ಅಗಲ ಇರಲಿ. 18 ಇಂಚು ತ್ರಿಜ್ಯದ ತಿರುವಿನಲ್ಲಿ ಉದ್ದನೆಯ ಆರು ಆಕ್ಸೆಲ್ ಎಂಜಿನ್ ತಿಣುಕುತ್ತದೆ. 22 ಇಂಚು ವಾಸಿ.

ಮಾಡೆಲ್ ಹೇಗೆ ಇಟ್ಟುಕೊಳ್ಳಬೇಕು ಎನ್ನುವುದು ಊರಿನ ಮೇಲೆ ಹೋಗುತ್ತದೆ. ಬಾಗಲಕೋಟೆಯ ಬಿಸಿಲು ಬೀಳುವ ಕಿಟಕಿಯಲ್ಲಿ ಪ್ಲಾಸ್ಟಿಕ್ ಬಾಗಬಹುದು. ಬೆಳಗಾವಿಯ ಮಳೆಗಾಲದಲ್ಲಿ ತೇವ ಶತ್ರು, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಧೂಳಿಗೆ ಮೆತ್ತನೆಯ ಬ್ರಷ್, ಹಳಿಗೆ ಐಸೊಪ್ರೊಪೈಲ್ ಆಲ್ಕೋಹಾಲ್.

ಮೂಲ ಡಬ್ಬಿ ಎಸೆಯಬೇಡಿ, ಮರುಮಾರಾಟದಲ್ಲಿ ಅದಕ್ಕೂ ಬೆಲೆಯಿದೆ. ನಮ್ಮ ಮನೆಯಲ್ಲಿ ಒಂದು ದೀಪಾವಳಿಗೆ ಅಂಥದ್ದೊಂದು ಡಬ್ಬಿ ರದ್ದಿಗೆ ಹೋಯಿತು. ಆ ಎಂಜಿನ್ ಈಗ ಕುಂದಾ ಸಿಹಿಯ ಡಬ್ಬಿಯಲ್ಲಿ ಹತ್ತಿ ಸುತ್ತಿಕೊಂಡು ಮಲಗಿದೆ.