ಹೊಸ ಬೋರು ಬೇಡ, ಹಳೇ ಪಂಪು ಎತ್ತೋಣ: ಜಾಂಬಿಯಾದಲ್ಲಿ ನಮ್ಮ ತಂಡ

ಆಫ್ರಿಕಾದ ಜಾಂಬಿಯಾದ ದಕ್ಷಿಣ ಪ್ರಾಂತ್ಯದಲ್ಲಿ, ಚೋಮಾ ಪಟ್ಟಣದ ಸುತ್ತಮುತ್ತ, ನಮ್ಮ ಚರ್ಚಿನ ಸಭೆಯವರು 2023ರ ಜುಲೈನಲ್ಲಿ ರಿಪೇರಿ ಮಾಡಿದ ಕೈಪಂಪುಗಳಲ್ಲಿ ಎರಡನ್ನು ಬಿಟ್ಟು ಉಳಿದವೆಲ್ಲ ಇವತ್ತಿಗೂ ನೀರು ಎತ್ತುತ್ತಿವೆ. ಒಟ್ಟು ಎಷ್ಟು ಅಂತ ಕೇಳಿದರೆ ನಾನು ಹನ್ನೆರಡು ಅನ್ನುತ್ತೇನೆ, ಪಾಸ್ಟರ್ ಹನ್ನೊಂದು ಅನ್ನುತ್ತಾರೆ. ಒಂದಕ್ಕೆ ಬರೀ ಚೈನಿಗೆ ಗ್ರೀಸ್ ಹಚ್ಚಿ ಬೋಲ್ಟು ಬಿಗಿ ಮಾಡಿದ್ದೆವು. ಅದನ್ನೂ ನಾನು ಲೆಕ್ಕಕ್ಕೆ ಹಿಡಿಯುತ್ತೇನೆ.

ಹೋಗುವ ಮೊದಲು ಸಭೆಯಲ್ಲಿ ನಮ್ಮನ್ನು ನಂಬಿದವರು ಕಡಿಮೆ. ಮಿಷನ್ ಪ್ರವಾಸ ಅಂದರೆ ಯೌವನಸ್ಥರ ಕೂಟದವರು ಗಿಟಾರ್ ಹಿಡಿದು ಹೋಗುವುದು, ಮಕ್ಕಳಿಗೆ ಹಾಡು ಕಲಿಸುವುದು, ಒಂದು ಹೊಸ ಬೋರ್‌ವೆಲ್ ಕೊರೆಸಿ ಸಭೆಯ ಹೆಸರಿನ ಕಲ್ಲು ನೆಡುವುದು. ನಮ್ಮ ತಂಡ ನೋಡಿ. ನಾನು, ನನ್ನ ಹಳೇ ಜೊತೆಗಾರ, ಇಬ್ಬರೂ 60 ದಾಟಿದ ಕೈಪಂಪು ಮೆಕ್ಯಾನಿಕ್‌ಗಳು. ಒಬ್ಬ ಗೌಂಡಿ, ಒಬ್ಬರು ನರ್ಸಮ್ಮ, ಮತ್ತು ಪಾಸ್ಟರ್. ‘ಇದು ಮಿಷನ್ ಅಲ್ರೀ, ಕೂಲಿ ಕೆಲಸ’ ಅಂತ ಒಬ್ಬ ಹಿರಿಯರು ಎದ್ದು ನಿಂತೇ ಹೇಳಿದರು. ಇನ್ನೊಬ್ಬರಿಗೆ ನಮ್ಮ ಇಂಗ್ಲಿಷಿನ ಚಿಂತೆ.

ಅವರಿಗೆ ನಾನು ಕೊಟ್ಟ ಉತ್ತರ ಒಂದೇ. ಜಾಂಬಿಯಾದ ಹಳ್ಳಿಗಳಲ್ಲಿ ಹೆಚ್ಚಾಗಿ ಇರುವುದು ಇಂಡಿಯಾ ಮಾರ್ಕ್ 2 ಪಂಪು. ನಮ್ಮದೇ ಪಂಪು. 1970ರ ದಶಕದಲ್ಲಿ ಯುನಿಸೆಫ್ ಮತ್ತು ಭಾರತ ಸರ್ಕಾರ ಸೇರಿ ಅದನ್ನು ರೂಪಿಸಿದಾಗ ಬುನಾದಿಗೆ ಇಟ್ಟುಕೊಂಡದ್ದು ನಮ್ಮ ಪಕ್ಕದ ಸೊಲ್ಲಾಪುರದ ಪಂಪನ್ನು. ಸೊಲ್ಲಾಪುರ, ಜಾಲ್ನಾ ಕಡೆ ಆ ಪಂಪುಗಳ ಹಿಂದೆ ಇದ್ದವರು ಮಿಷನ್ನಿನವರು. ಮಿಷನ್ ಅಲ್ಲ ಅಂದವರು ಆಮೇಲೆ ಬಾಯಿ ಬಿಡಲಿಲ್ಲ. ಮತ್ತೊಂದು ಮಾತೂ ಇದೆ. ನಮ್ಮ ಗದಗ ಸೀಮೆಯಲ್ಲಿ ಈಗ ಕೈಪಂಪು ಕೇಳುವವರಿಲ್ಲ. ಮೋಟಾರು, ಟ್ಯಾಂಕು, ನಲ್ಲಿ ಬಂದ ಮೇಲೆ ನಮ್ಮ ಕೈಗೆ ಕೆಲಸವೇ ಇಲ್ಲ. ಅಲ್ಲಿ ಕೆಲಸ ಬೇಕಾದಷ್ಟು ಬಿದ್ದಿತ್ತು.

ಹಣದ ಮಾತು ಮೊದಲೇ ಮುಗಿಸುತ್ತೇನೆ, ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಸಭೆಯ ಟ್ರಸ್ಟಿನ ಹಣವನ್ನು ವಿದೇಶದಲ್ಲಿ ಖರ್ಚು ಮಾಡಿದರೆ, ವಿಶೇಷ ಅನುಮತಿ ಇಲ್ಲದಿದ್ದರೆ, ಆ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ನಮ್ಮ ಲೆಕ್ಕಪತ್ರ ನೋಡುವವರು ಇದನ್ನು ಹೇಳಿದಾಗ ಅರ್ಧ ಜನ ಕೈಬಿಟ್ಟರು. ನಾವು ಖರ್ಚನ್ನು ಎರಡು ಭಾಗ ಮಾಡಿದೆವು. ಇಲ್ಲಿ ಕೊಳ್ಳುವ ಸಾಮಾನಿಗೆ ಸಭೆಯ ಹಣ. ಟಿಕೆಟ್ಟು ಮತ್ತು ಅಲ್ಲಿನ ಖರ್ಚು ಹೋಗುವವರದೇ, ಅವರವರ ಫಾರೆಕ್ಸ್ ಕಾರ್ಡಿನಲ್ಲಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿ 11 ಸಾವಿರಕ್ಕೆ ಹೋಯಿತು. ಕೂಗಿದವರು ‘ಕೂಲಿ ಕೆಲಸ’ ಅಂದ ಆ ಹಿರಿಯರೇ. ಹಾಗೆ ಬಂದ ಸುಮಾರು 60 ಸಾವಿರದಲ್ಲಿ ಸಾಮಾನು ಕೊಂಡೆವು. ಟಿಕೆಟ್ಟಿಗೆ ತಲಾ 75, 80 ಸಾವಿರ. ಅಲ್ಲಿನ ಖರ್ಚಿಗೂ ತಲಾ ಅಷ್ಟೇ. ನನ್ನ ಪಾಲನ್ನು ದುಬೈನಲ್ಲಿರುವ ಮಗ ಕೊಟ್ಟ, ಗೊಣಗಿಕೊಂಡೇ ಕೊಟ್ಟ.

ಬೆಂಗಳೂರಿನಿಂದ ಅಡಿಸ್ ಅಬಾಬಾ, ಅಲ್ಲಿಂದ ಲುಸಾಕಾ. ಇಥಿಯೋಪಿಯಾ ಭಾರತದ ಹಳದಿ ಜ್ವರದ ಪಟ್ಟಿಯಲ್ಲಿದೆ. ಚುಚ್ಚುಮದ್ದು ಹಾಕಿಸಿಕೊಂಡು 10 ದಿನ ಆದ ಮೇಲೆಯೇ ಹಳದಿ ಕಾರ್ಡಿಗೆ, ಅಂದರೆ ಆ ಚುಚ್ಚುಮದ್ದಿನ ಸರ್ಟಿಫಿಕೇಟಿಗೆ, ಬೆಲೆ. 60 ದಾಟಿದವರು ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬೇಡಿ, ವಯಸ್ಸಾದವರಿಗೆ ಅದರಿಂದ ತೊಂದರೆ ಜಾಸ್ತಿ. ನರ್ಸಮ್ಮ ನಮ್ಮಿಬ್ಬರನ್ನು ಪರೀಕ್ಷೆ ಮಾಡಿಸಿದ ಮೇಲೆಯೇ ಬಿಟ್ಟರು. ಸ್ವೆಟರ್ ತನ್ನಿ ಅಂತಲೂ ಹೇಳಿದ್ದರು. ಗೌಂಡಿ ನಕ್ಕ. ಚೋಮಾ ಇರುವುದು ಸುಮಾರು 1300 ಮೀಟರ್ ಎತ್ತರದಲ್ಲಿ, ಜುಲೈ ಅಂದರೆ ಅಲ್ಲಿ ಚಳಿಗಾಲ. ಗೌಂಡಿ ಮೊದಲ ರಾತ್ರಿ ಇಡೀ ಒಲೆ ಮುಂದೆ ಕೂತಿದ್ದ.

ಲಗೇಜಿನಲ್ಲಿ ಬಟ್ಟೆ ಕಡಿಮೆ, ಕಬ್ಬಿಣ ಜಾಸ್ತಿ. ಮಾರ್ಕ್ 2ರ ಸ್ಪೆಷಲ್ ಟೂಲ್ ಕಿಟ್ ಎರಡು ಸೆಟ್, ಪೈಪು ಜಾರದ ಹಾಗೆ ಹಿಡಿಯುವ ಸೆಲ್ಫ್ ಲಾಕಿಂಗ್ ಕ್ಲಾಂಪ್, ಪೈಪ್ ಪಾನಾಗಳು, 1 ಟನ್ನಿನ ಚೈನ್ ಪುಲ್ಲಿ. ಪುಲ್ಲಿ ತೂಗುಹಾಕುವ ಸ್ಟ್ಯಾಂಡಿನ ಮೂರು ಕಾಲು ಒಯ್ಯಲಿಲ್ಲ, ಚೋಮಾದಲ್ಲೇ ವೆಲ್ಡಿಂಗ್ ಮಾಡಿಸಿದೆವು. ಸಾಮಾನಿನ ಪಟ್ಟಿ, ಅಲ್ಲಿನ ಸಭೆ ಕರೆದ ಪತ್ರ, ಎರಡನ್ನೂ ಪ್ರತಿ ಪೆಟ್ಟಿಗೆಯ ಮೇಲೆಯೇ ಇಡಿ. ಕಸ್ಟಮ್ಸ್‌ನವರು ಚೈನ್ ಪುಲ್ಲಿಯನ್ನು ಎತ್ತಿ ನೋಡಿ ಸುಮ್ನೆ ಕೆಳಗಿಟ್ಟರು.

ಲುಸಾಕಾದಿಂದ ಚೋಮಾ 280 ಕಿಲೋಮೀಟರ್ ಚಿಲ್ಲರೆ. ಅಲ್ಲಿನ ಸಭೆಯವರಿಗೆ ಮೊದಲೇ ಒಂದು ಷರತ್ತು ಹಾಕಿದ್ದೆವು. ನಾವು ಯಜಮಾನರಲ್ಲ, ನಿಮ್ಮ ಏರಿಯಾ ಪಂಪ್ ಮೆಂಡರ್ ಕೈಕೆಳಗೆ ಕೆಲಸ ಮಾಡುತ್ತೇವೆ. ಜಾಂಬಿಯಾದಲ್ಲಿ ಈ ಮೆಂಡರ್ ವ್ಯವಸ್ಥೆ ಚೆನ್ನಾಗಿದೆ. ತರಬೇತಿ ಪಡೆದ ಸ್ಥಳೀಯರು, ಊರವರು ಕೂಲಿ ಕೊಟ್ಟು ಕರೆಸುತ್ತಾರೆ. ಬಿಡಿಭಾಗಕ್ಕೆ ಜಿಲ್ಲೆಯಲ್ಲಿ ಅಂಗಡಿಗಳೂ ಇವೆ, ಜಪಾನಿನ ನೆರವಿನಲ್ಲಿ ಶುರುವಾದವು. ಹೊರಗಿನ ತಂಡಗಳು ಮೆಂಡರನ್ನು ಬದಿಗಿಟ್ಟು ಪುಕ್ಕಟೆ ರಿಪೇರಿ ಮಾಡಿ ಹೋದರೆ ಅವರ ಹೊಟ್ಟೆಗೆ ಹೊಡೆದ ಹಾಗೆ. ಆಮೇಲೆ ಪಂಪು ಕೆಟ್ಟರೆ ಅವರು ಯಾಕೆ ಬರಬೇಕು, ಅಲ್ವಾ? ನಾವು ಅವರ ದಿನಗೂಲಿ ಕೊಟ್ಟೆವು, ಬಿಡಿಭಾಗ ಆದಷ್ಟು ಅಲ್ಲಿನ ಅಂಗಡಿಯಲ್ಲೇ ಕೊಂಡೆವು. ನಮ್ಮ ಮೆಂಡರನ್ನು ಎಲ್ಲರೂ ‘ಬಾಟಾಟಾ’ ಅಂತ ಗೌರವದಿಂದ ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ನನ್ನ ಇಂಗ್ಲಿಷು, ಅವರ ಇಂಗ್ಲಿಷು ಎರಡೂ ಅಷ್ಟಕ್ಕಷ್ಟೆ. ಪಂಪಿನ ಹ್ಯಾಂಡಲ್ ಎರಡು ಸಲ ಒತ್ತಿ ನಾನು ಬೆರಳು ತೋರಿಸಿದರೆ ಅವರು ತಲೆ ಆಡಿಸುತ್ತಿದ್ದರು. ವಾಶರ್ ಹೋಗಿದೆ, ಅಷ್ಟೇ ತಾನೆ.

ಮೊದಲನೇ ಪಂಪು ನಮ್ಮ ಜೀವ ತಿಂದಿತು. 12 ಪೈಪಿನ ಬೋರು. ನೀರು ತುಂಬಿದ ಪೈಪು, ಅದರೊಳಗಿನ ರಾಡು, ತುದಿಯಲ್ಲಿ ವಾಶರ್ ಕೂತಿರುವ ಸಿಲಿಂಡರ್ ಸೇರಿ ಎರಡು ಕ್ವಿಂಟಲ್ ಹತ್ತಿರ ಭಾರ. ಮೇಲಿನ ಪೈಪುಗಳು ಬಂದವು. ಮುಂದಿನದು ಥ್ರೆಡ್ಡಿನ ಹತ್ತಿರ ತುಕ್ಕು ತಿಂದು ಕಾಗದದಷ್ಟು ತೆಳ್ಳಗಾಗಿತ್ತು. ಕ್ಲಾಂಪ್ ಬಿಗಿ ಮಾಡುವಷ್ಟರಲ್ಲಿ ಮುರಿದು ಕೆಳಗಿನದೆಲ್ಲ ಬೋರಿನ ತಳಕ್ಕೆ ಹೋಯಿತು. ಊರವರು ಸುತ್ತ ನಿಂತಿದ್ದರು, ಹೆಂಗಸರು ಖಾಲಿ ಬಕೆಟ್ಟು ಹಿಡಿದು ವಾಪಸ್ ಹೋದರು. ಆ ಸಂಜೆ ಪಾಸ್ಟರ್ ಮೊಬೈಲಿಗೆ ಊರಿಂದ ಮೆಸೇಜ್ ಬಂತು: ‘ಹೊಸ ಬೋರು ಕೊರೆಸಿಬಿಡಿ.’

ಬಿದ್ದ ಪೈಪನ್ನು ಮೀನು ಹಿಡಿಯುವ ಹಾಗೆ ಎತ್ತಬೇಕು. ಅಂಗಡಿಯ ಫಿಶಿಂಗ್ ಟೂಲ್ ತುಕ್ಕು ಹಿಡಿದ ಪೈಪಿಗೆ ಕಚ್ಚಲಿಲ್ಲ, ಜಾರುತ್ತಲೇ ಇತ್ತು. ಆಗ ನಾನು ಚೋಮಾದ ವೆಲ್ಡಿಂಗ್ ಅಂಗಡಿಗೆ ಹೋಗಿ, 30 ವರ್ಷದ ಹಿಂದೆ ರೋಣದ ಕಡೆ ಬಳಸುತ್ತಿದ್ದ ನನ್ನದೇ ಒಂದು ಕೊಕ್ಕೆ ಮಾಡಿಸಿದೆ. ಅದರ ಆಕಾರ ಇಲ್ಲಿ ಬರೆಯುವುದಿಲ್ಲ. ಕೇಳಿದವರಿಗೆ ಕೈಯಲ್ಲಿ ತೋರಿಸುತ್ತೇನೆ, ಬಾಟಾಟಾಗೆ ತೋರಿಸಿ ಬಂದಿದ್ದೇನೆ. ಮಾರನೇ ದಿನ ಮಧ್ಯಾಹ್ನ ಬಿದ್ದಿದ್ದ ಐದು ಪೈಪೂ ಸಿಲಿಂಡರ್ ಸಮೇತ ಮೇಲೆ ಬಂದವು. ಬಾಟಾಟಾ ಚಪ್ಪಾಳೆ ತಟ್ಟಿ ಕೂತರು. ಅವರು 15 ವರ್ಷದಿಂದ ಈ ಕೆಲಸದಲ್ಲಿದ್ದವರು, ಇಂಥದ್ದು ನೋಡಿರಲಿಲ್ಲವಂತೆ.

ಇದಾದ ಮೇಲೆ ವಾಶರ್ ರಗಳೆ. ಇಲ್ಲಿಂದ ಚರ್ಮದ ವಾಶರ್ ಒಂದು ಚೀಲ ಒಯ್ದಿದ್ದೆವು, ಅಗ್ಗ ಸಿಕ್ಕಿತ್ತು. ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿಯೇ ಹಾಕಿದೆವು. ಒಂದು ವಾರದಲ್ಲಿ ಎರಡು ಪಂಪಿನಲ್ಲಿ ಉಬ್ಬಿ ಹಿಡಿದುಕೊಂಡವು, ಹ್ಯಾಂಡಲ್ ಕಲ್ಲಾಯಿತು. ಮತ್ತೆ ಎಲ್ಲ ಎತ್ತಿ ಅಂಗಡಿಯ ನೈಟ್ರೈಲ್ ರಬ್ಬರ್ ವಾಶರ್ ಹಾಕಿದೆವು. ಉಳಿದ ಚರ್ಮದ ವಾಶರ್‌ಗಳನ್ನು ನನ್ನ ಜೊತೆಗಾರ ವಾಪಸ್ ತಂದಿದ್ದಾನೆ, ಯಾಕೆ ಅಂತ ಅವನಿಗೂ ಗೊತ್ತಿಲ್ಲ.

ನಿಜವಾದ ಕಾಯಿಲೆ ವಾಶರ್ ಅಲ್ಲ, ಪೈಪಿನದು. ಆ ಕಡೆ ಕೆಲವು ಬೋರುಗಳ ನೀರು ಹುಳಿ. ಹುಳಿ ಅಳೆಯುವ ಪಿಎಚ್ 6.5ಕ್ಕಿಂತ ಕೆಳಗೆ ಹೋದರೆ ಜಿಐ ಪೈಪಿನ ಸತುವಿನ ಲೇಪ ನಿಲ್ಲುವುದಿಲ್ಲ, ಒಳಗಿನ ಕಬ್ಬಿಣ ಕರಗಿ ನೀರು ಕೆಂಪಾಗುತ್ತದೆ. ಬಟ್ಟೆ ಹಳದಿ, ಮೆಕ್ಕೆಜೋಳದ ಮುದ್ದೆ ನ್ಶಿಮಾ ಕಂದು. ಪಂಪು ಗಟ್ಟಿಯಿದ್ದರೂ ಜನ ಬಿಟ್ಟು ಹೊಂಡದ ನೀರಿಗೆ ಹೋಗುತ್ತಾರೆ. ಕೆಂಪು ಪೈಪಿನದೋ ನೆಲದ್ದೋ ಅಂತ ತಿಳಿಯದೆ ಪೈಪು ಬದಲಿಸಿದರೆ ಹಣ ನೀರಿಗೆ. ಅದಕ್ಕೆ ಬೆಳಿಗ್ಗೆ ಯಾರೂ ಮುಟ್ಟುವ ಮೊದಲು ಮೊದಲ ಬಕೆಟ್ ಹಿಡಿಯುತ್ತಿದ್ದೆವು. ಆಮೇಲೆ ಒಂದು ತಾಸು ಬಿಡದೆ ಒತ್ತುವುದು, ಮತ್ತೆ ಒಂದು ಬಕೆಟ್. ಎರಡನೆಯದು ತಿಳಿಯಾಗಿದ್ದರೆ ಕಾಯಿಲೆ ಪೈಪಿನದು. ಹಾಗೇ ಕೆಂಪಿದ್ದರೆ ನೆಲದಲ್ಲೇ ಕಬ್ಬಿಣ ಇದೆ, ಆ ಪಂಪಿಗೆ ಕೈ ಹಾಕಬೇಡಿ. ಪಿಎಚ್ ನೋಡಲು ನೀರಿಗೆ ಅದ್ದುವ ಕಾಗದದ ಪಟ್ಟಿಗಳನ್ನು ಹುಬ್ಬಳ್ಳಿಯ ಅಕ್ವೇರಿಯಂ ಅಂಗಡಿಯಲ್ಲಿ ಕೊಂಡಿದ್ದು.

ನಮ್ಮ ನರ್ಸಮ್ಮ ಇದಕ್ಕೆ ಇನ್ನೊಂದು ಆಟ ಸೇರಿಸಿದರು. ಬರೀ ಚಹಾ ಡಿಕಾಕ್ಷನ್ನಿಗೆ ಆ ನೀರು ಹಾಕುವುದು. ಕಬ್ಬಿಣ ಜಾಸ್ತಿ ಇದ್ದರೆ ಮಸಿಯ ಹಾಗೆ ಕಪ್ಪಾಗುತ್ತದೆ. ಆರು ಲೋಟ ಸಾಲಾಗಿ ಇಟ್ಟು ಒಂದೊಂದು ಪಂಪಿನ ನೀರು ಹಾಕಿದರು. ಊರಿನ ಹೆಂಗಸರು ನೋಡಿ ನಕ್ಕರು. ಯಾವ ಪಂಪು ಕಪ್ಪು ಅಂತ ಲೋಟ ನೋಡುವ ಮೊದಲೇ ಅವರು ಹೇಳಿದರು, ಒಂದೂ ತಪ್ಪಲಿಲ್ಲ. ಅಂದಿನಿಂದ ಮೊದಲು ಅವರನ್ನು ಕೇಳಿ, ಆಮೇಲೆ ಪಟ್ಟಿ ಅದ್ದುತ್ತಿದ್ದೆವು.

ಪೈಪಿನ ಕಾಯಿಲೆ ಇದ್ದ ಎರಡು ಪಂಪಿಗೆ ಸ್ಟೇನ್‌ಲೆಸ್ ಸ್ಟೀಲ್ ಪೈಪು ಹಾಕಿದೆವು. ಜಿಐಗಿಂತ ಎರಡೂವರೆ, ಮೂರು ಪಟ್ಟು ಬೆಲೆ. ಒಂದೊಂದಕ್ಕೆ 15, 16 ಸಾವಿರ ಕ್ವಾಚ ಆಯಿತು ಅಂತ ನೆನಪು. ಆಗ ಕ್ವಾಚಗೆ ನಾಲ್ಕು ರೂಪಾಯಿ ಚಿಲ್ಲರೆ. ಒಂದೆರಡು ಬೋರಿಗೆ ಕೆಟ್ಟ ಜಿಐ ಪೈಪಷ್ಟೇ ಬದಲಿಸಿದೆವು. ಉಳಿದವಕ್ಕೆ ವಾಶರ್, ರಾಡು, ಬೇರಿಂಗ್, ಚೈನು. ಗಾಡಿ ಬಾಡಿಗೆ, ಡೀಸೆಲ್ಲು ಬೇರೆ. ಎಲ್ಲ ಸೇರಿ 90 ಸಾವಿರ ಕ್ವಾಚದ ಒಳಗೆ, ನಮ್ಮ ಹಣದಲ್ಲಿ 4 ಲಕ್ಷದ ಹತ್ತಿರ. ಅಲ್ಲಿ ಒಂದು ಹೊಸ ಬೋರು ಕೊರೆಸಿ ಪಂಪು ಕೂರಿಸಲು ನಮಗೆ ಹೇಳಿದ ದರ 5ರಿಂದ 6 ಸಾವಿರ ಡಾಲರ್. ಅಂದರೆ ನಾಲ್ಕು ಲಕ್ಷಕ್ಕೆ ಕಮ್ಮಿಯಿಲ್ಲ. ಸಭೆಗೆ ಈ ಲೆಕ್ಕ ಓದಿದಾಗ ಹಿಂದಿನ ಸಾಲಿನವರೂ ತಲೆ ಎತ್ತಿದರು.

ಪಂಪಿನ ಕಟ್ಟೆ ಒಡೆದಿದ್ದ ಕಡೆ ಗೌಂಡಿ ಸಿಮೆಂಟ್ ಕೆಲಸ ಮಾಡಿದ. ಚೆಲ್ಲಿದ ನೀರು ಹರಿದು ಹೋಗಲು ಚರಂಡಿ, ಅದರ ತುದಿಗೆ ದನ ಕುಡಿಯುವ ತೊಟ್ಟಿ. ಅಲ್ಲಿನ ತೊಂಗಾ ಜನರಿಗೆ ದನ ಅಂದರೆ ಆಸ್ತಿ, ತೊಟ್ಟಿ ಕಟ್ಟಿದ ಮೇಲೆ ಗಂಡಸರೂ ಪಂಪಿನ ಹತ್ತಿರ ಬಂದು ಕೆಲಸಕ್ಕೆ ಕೈ ಹಚ್ಚಿದರು. ಕೆಲವು ಊರಲ್ಲಿ ಚರಂಡಿ ಬದಿಗೆ ಸೊಪ್ಪು ಹಾಕಿಸಿ ನೋಡಿದೆವು. ಮೇಕೆ ತಿಂದವು.

ಉಪದೇಶ ಏನು ಮಾಡಿದಿರಿ ಅಂತ ಕೇಳುವವರಿಗೆ: ಭಾನುವಾರ ಪಾಸ್ಟರ್ ಕನ್ನಡದ ಹಾಗೆ ಇಂಗ್ಲಿಷಿನಲ್ಲಿ ಮಾತಾಡಿದರು, ಅಲ್ಲಿನ ಹಿರಿಯರೊಬ್ಬರು ತೊಂಗಾದಲ್ಲಿ ಹೇಳಿದರು. 20 ನಿಮಿಷದ ಮಾತು ಒಂದು ತಾಸು ಹಿಡಿಯಿತು. ಹಾಡಿನಲ್ಲಿ ಅವರು ನಮ್ಮನ್ನು ಎತ್ತಿ ಒಗೆದರು, ವಾದ್ಯವೇ ಇಲ್ಲದೆ ನಾಲ್ಕು ಸ್ವರ. ಪಂಪಿನ ಹತ್ತಿರ ಉಪದೇಶ ಇಲ್ಲ ಅಂತ ಮೊದಲೇ ಮಾತಾಗಿತ್ತು. ನೀರು ಎಲ್ಲ ಸಭೆಯವರದೂ, ಯಾವ ಸಭೆಗೂ ಹೋಗದವರದೂ.

ನಿಂತ ಎರಡು ಪಂಪುಗಳ ಕಥೆ. 2023–24ರಲ್ಲಿ ಅಲ್ಲಿ ಮಳೆ ಕೈಕೊಟ್ಟಿತು, ಎಲ್ ನಿನೊ. 2024ರ ಫೆಬ್ರವರಿ ಕೊನೆಗೆ ಜಾಂಬಿಯಾದ ಅಧ್ಯಕ್ಷರು ಬರವನ್ನು ರಾಷ್ಟ್ರೀಯ ವಿಪತ್ತು ಅಂತ ಘೋಷಿಸಿದರು. ಒಂದು ಬೋರಿನ ನೀರು ಸಿಲಿಂಡರ್‌ಗಿಂತ ಕೆಳಗೆ ಹೋಯಿತು. ಬಾಟಾಟಾ ಎರಡು ಪೈಪು ಸೇರಿಸಿ ನೋಡಿದರು, ತಳವೇ ಬಂತು. ಇನ್ನೊಂದರಲ್ಲಿ ಪಂಪಿಗೆ ದೊಡ್ಡ ಕಾಯಿಲೆಯಿಲ್ಲ, ಊರಲ್ಲಿ ಜಗಳ. ರಿಪೇರಿಗೆಂದು ಮನೆಗೆ ತಿಂಗಳಿಗೆ 5 ಕ್ವಾಚ ಅಂತ ಕೂಡಿಸಿದ ಹಣ ಎಲ್ಲಿ ಹೋಯಿತು ಅಂತ. ವಾಶರ್ ಸವೆದಿದೆ, ಕೊಳ್ಳಲು ಯಾರೂ ಮುಂದೆ ಬರುತ್ತಿಲ್ಲ. ನಾವು ಇಲ್ಲಿಂದ ಹಣ ಕಳಿಸಲಿಲ್ಲ. ಕಳಿಸಿದರೆ ಉಳಿದ ಊರುಗಳೂ ಕೂಡಿಸುವುದನ್ನು ನಿಲ್ಲಿಸುತ್ತವೆ. ಈ ಬಗ್ಗೆ ನಮ್ಮ ತಂಡದಲ್ಲೇ ಒಮ್ಮತ ಇಲ್ಲ, ನರ್ಸಮ್ಮ ನನ್ನ ಮೇಲೆ ಇನ್ನೂ ಸಿಟ್ಟಾಗಿದ್ದಾರೆ.

ಬೇರೆ ಸಭೆಗಳವರು ಫೋನ್ ಮಾಡುತ್ತಿದ್ದಾರೆ. ಮಲಾವಿಗೆ ಹೋಗುವವರು ನಮ್ಮ ಸಾಮಾನಿನ ಪಟ್ಟಿ ಕೇಳಬೇಡಿ. ಅಲ್ಲಿ ಆಫ್ರಿದೇವ್ ಪಂಪು ಜಾಸ್ತಿ. ಪಿವಿಸಿ ಪೈಪು, ಪೈಪು ಎತ್ತದೆ ಪಿಸ್ಟನ್ ಹೊರಗೆ ಬರುತ್ತದೆ, ಒಂದೇ ಪಾನಾ ಸಾಕು, ಚೈನ್ ಪುಲ್ಲಿ ದಂಡ. ಜಾಂಬಿಯಾಕ್ಕೆ ಹೋಗುವವರು ಮೇ ಮತ್ತು ಆಗಸ್ಟ್ ನಡುವೆ ಹೋಗಿ. ನವೆಂಬರಿನಿಂದ ಮಳೆ, ಗಾಡಿ ಹೂತುಹೋಗುತ್ತದೆ. ನಾವು ಮತ್ತೆ ಹೊರಡುವ ಮಾತು ನಡೆದಿದೆ, ಈ ಸಲ ಅದೇ ಪ್ರಾಂತ್ಯದ ಕಲೋಮೋ ಕಡೆ. ಸ್ಟೇನ್‌ಲೆಸ್ ಪೈಪಿನ ದರ ಬಾಟಾಟಾ ಕಳಿಸಿದ್ದಾರೆ, ಏರಿದೆ. ನನ್ನ ಜೊತೆಗಾರನಿಗೆ ಮಂಡಿ ನೋವು, ಅವನ ಜಾಗಕ್ಕೆ 60 ದಾಟಿದ್ದರೂ ಪರವಾಗಿಲ್ಲ, ಮಾರ್ಕ್ 2 ಎತ್ತಿದ ಕೈ ಬೇಕು. ಟಿಕೆಟ್ಟು ಅವರದೇ.